ಬಾಲ್ಕನಿಯ ರೋಹಿಣಿ

ನವೆಂಬರ್ 24
ಅಂಗಡಿಯಲ್ಲಿ ಇಡೀ ದಿನ ಕಣ್ಣು ಪರೀಕ್ಷೆ. ಕನ್ನಡಕ ಬೇಡವೇ ಬೇಡ ಎಂದು ಹಟ ಹಿಡಿದ ಮೇಷ್ಟರಿಗೆ ಎದುರಿನ ದೊಡ್ಡ ಅಕ್ಷರವೂ ಕಾಣಲಿಲ್ಲ. ಮನೆಗೆ ಬಂದರೆ ಅತ್ತೆ ಬಾಲ್ಕನಿಯಲ್ಲಿ. ಪೊರೆ ತೆಗೆಸಿದ ಮೇಲೆ ಅವರಿಗೆ ಲೋಕವೇ ಹೊಸದು. ಎದುರು ಕಟ್ಟಡದ ಮೇಲಿನ ಕೆಂಪು ಚುಕ್ಕಿ ತೋರಿಸಿ, "ಅದ್ಯಾರಮ್ಮ?" ಎಂದರು.
ರೋಹಿಣಿ ಎಂದೆ. ಮುದಿ ನಕ್ಷತ್ರ, ವಯಸ್ಸಾಗಿ ಊದಿಕೊಂಡಿದೆ, ಆ ಬೆಳಕು ಅಲ್ಲಿಂದ ಹೊರಟು ಅರವತ್ತೈದು ವರ್ಷ...
"ಅಷ್ಟು ದೂರದಿಂದ ಬಂದಿದೆ, ಹೊರಗೇ ನಿಲ್ಲಿಸಿದ್ದೀಯಲ್ಲೇ!"
ಇಬ್ಬರೂ ನಕ್ಕೆವು.

ನವೆಂಬರ್ 29
"ನಿನ್ನೆಗಿಂತ ದಪ್ಪ ಆಗಿದೆ." ಅತ್ತೆಯದು ದಿನಾ ಇದೇ ಮಾತು. ನನಗೆ ಮಾತ್ರ ಅದೇ ಚುಕ್ಕಿ. ಅಂಗಡಿಗೆ ಕರೆದೊಯ್ದು ನಾನೇ ಪರೀಕ್ಷೆ ಮಾಡಿದೆ. ಕೊನೆಯ ಸಾಲನ್ನೂ ಸಲೀಸಾಗಿ ಓದಿದರು.

ಡಿಸೆಂಬರ್ 3
ಅತ್ತೆಯ ಎಡಗೆನ್ನೆ ಕೆಂಪಾಗಿ ಸುಲಿದಿದೆ. ಬಿಸಿಲಿಗೆ ಸುಟ್ಟಿದ್ದು ಎಂದರು ಡಾಕ್ಟರು. ಹಗಲು ಹೊರಗೆ ಕಾಲಿಟ್ಟರೆ ತಾನೇ ಬಿಸಿಲು? ಯಜಮಾನರು ನನ್ನ ಮೇಲೆ ರೇಗಿದರು — "ಅಮ್ಮನ ತಲೆಗೆ ಇಲ್ಲದ್ದೆಲ್ಲ ತುಂಬಬೇಡ." ಸಂಜೆ ತಾವೇ ಅಮ್ಮನ ಜೊತೆ ಹೋಗಿ ಕೂತರು. ಒಳಗೆ ಬಂದವರೇ ತಂಗಿಗೆ ಫೋನ್ ಮಾಡಿ, ಅಮ್ಮನನ್ನು ನಾಳೆಯೇ ಕಳಿಸುತ್ತೇನೆ ಎಂದರು.

ಡಿಸೆಂಬರ್ 4
ಅತ್ತೆಯನ್ನು ನಾದಿನಿಯ ಮನೆಗೆ ಕಳಿಸಿದೆವು. ಹೊರಡುವಾಗ ಮೆಲ್ಲಗೆ ಕೇಳಿದರು, "ಸಂಜೆ ಅದು ಬಂದ್ರೆ ಯಾರಿರ್ತಾರೆ?"

ಡಿಸೆಂಬರ್ 11
ಅತ್ತೆ ಅಲ್ಲಿ ಆರಾಮ. ಕೆನ್ನೆ ಮಾಯುತ್ತಿದೆ. ಈಗ ಇವರ ಸರದಿ. ಆಫೀಸಿನಿಂದ ಬಂದವರು ಶೂ ಕೂಡ ಬಿಚ್ಚದೆ ಬಾಲ್ಕನಿಗೆ. ಕರೆದರೆ "ಬಂದೆ" ಅನ್ನುತ್ತಾರೆ, ಬರುವುದಿಲ್ಲ. ಹಣೆಯ ಚರ್ಮ ಏಳುತ್ತಿದೆ. ಇವತ್ತು ಕರೆಯಲು ಹೋದೆ... ನನಗೂ ಕಂಡಿತು. ಗುಂಡಗೆ, ತಟ್ಟೆಯಷ್ಟು. ಒಳಗೆ ಓಡಿ ಬಂದು ಅತ್ತೆಗೆ ಫೋನ್ ಮಾಡಿದೆ. ಅಳು ತಡೆಯಲಾಗಲಿಲ್ಲ.
"ಅದು ಕಾಣೋವರೆಗೆ ಅವನು ತಾನಾಗಿ ಏಳಲ್ಲ ಕಣೇ. ಕೈ ಹಿಡಿದು ಎಬ್ಬಿಸ್ಬೇಕು. ನೀನು ಮಾತ್ರ ನೋಡ್ಬೇಡ. ಕಣ್ಣಿಗೆ ಬಟ್ಟೆ ಕಟ್ಕೊಂಡು ಹೋಗು."

ಡಿಸೆಂಬರ್ 12, ಸಂಜೆ
ಅಂಗಡಿಯಿಂದ ಬಂದಾಗ ಬಾಲ್ಕನಿಯ ಬಾಗಿಲು ತೆರೆದಿತ್ತು. ಕುರ್ಚಿ ಕಿರುಗುಟ್ಟಿದ ಸದ್ದು. ಇವರು ಬೇಗ ಬಂದುಬಿಟ್ಟಿದ್ದಾರೆ ಅಂದುಕೊಂಡೆ. ದುಪಟ್ಟಾವನ್ನು ಕಣ್ಣಿಗೆ ಬಿಗಿದು, ಗೋಡೆ ತಡವುತ್ತ ಹೋದೆ. ಕೈ ಸಿಕ್ಕಿತು. ಜ್ವರ ಬಂದವರ ಹಾಗೆ ಸುಡುತ್ತಿತ್ತು.
"ಏಳಿ, ಒಳಗೆ ಹೋಗೋಣ."
ಎಳೆಯಬೇಕಾಗಲೇ ಇಲ್ಲ. ಮಗುವಿನ ಹಾಗೆ ಎದ್ದು ಬಂದರು. ಕಿಟಕಿಯಿಲ್ಲದ ಒಳಕೋಣೆಯಲ್ಲಿ ಮಲಗಿಸಿ, ಬಾಗಿಲು ಎಳೆದುಕೊಂಡು, ಆಮೇಲೆ ಕಣ್ಣಿನ ಕಟ್ಟು ಬಿಚ್ಚಿದೆ. ಗೆದ್ದೆ ಅನ್ನಿಸಿತು. ಅಡುಗೆಮನೆಗೆ ಬಂದು ನೀರು ಕುಡಿದು ಬರೆಯುತ್ತಿದ್ದೇನೆ. ಅಂಗೈ ಇನ್ನೂ ಚುರುಗುಟ್ಟುತ್ತಿದೆ.

ಈಗಷ್ಟೇ ಇವರ ಫೋನ್. "ಇನ್ನೂ ಆಫೀಸಲ್ಲೇ ಇದ್ದೀನಿ ಕಣೇ. ಬರ್ತಾ ಏನಾದ್ರೂ ತರ್ಬೇಕಾ?"

ಒಳಕೋಣೆಯ ಬಾಗಿಲ ಸಂದಿಯಲ್ಲಿ ಬೆಳಕು — ಕೆಂಪು. ದೀಪ ನಾನು ಹಾಕಿಲ್ಲ. ಮಂಚದಿಂದ ಯಾರೋ ಎದ್ದ ಸದ್ದು.