ಕೆನಡಾದ ಕರಡಿಯ ಫೋಟೊ

೧೪ ಜೂನ್ ೧೯೮೮, ಮಂಗಳವಾರ

ಕೆನಡಾದಿಂದ ಬಂದು ವಾರವಾದರೂ ಸಿಟ್ಟು ಇಳಿದಿಲ್ಲ. ಇಲ್ಲಿ ಕೀನ್ಯಾದಲ್ಲಿ ಬೇಟೆ ನಿಷೇಧವೆಂದು ಅಷ್ಟು ದೂರ ಹೋದರೆ, ಆ ಗೈಡ್ ಮಹಾಶಯ ನನ್ನನ್ನು ಮರದ ಮೇಲಿನ ಕುರ್ಚಿಯಲ್ಲಿ ಕೂರಿಸಿದ. ಕೆಳಗೆ ಡ್ರಮ್ಮಿನ ತುಂಬ ಹಳಸಿದ ಬ್ರೆಡ್ಡು. ಕರಡಿ ತಿನ್ನಲು ಬಂತು, ಹೊಡೆದೆ. ಇದೂ ಒಂದು ಬೇಟೆಯೇ? ಥೂ!

ಇವತ್ತು ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಿಲೊಂಜೊ ಸಿಕ್ಕ. ಹಿಂದೆ ನನ್ನ ಜೊತೆ ಕಾಡೆಮ್ಮೆಯ ಜಾಡು ಹಿಡಿಯುತ್ತಿದ್ದವನು, ಈಗ ಗೋಡೌನಿನ ಕಾವಲುಗಾರ. ಸತ್ತ ಕರಡಿಯ ಪಕ್ಕ ನಾನು ನಿಂತಿರುವ ಫೋಟೊ ತೋರಿಸಿದೆ.

"ಎಷ್ಟು ದಿನ ಜಾಡು ಹಿಡಿದು ಹೋದ್ರಿ, ಬ್ವಾನಾ?" ಈಗಲೂ ನಾನು ಅವನಿಗೆ ಸಾಹೇಬನೇ.

"ನಾಲ್ಕು ದಿನ" ಎಂದುಬಿಟ್ಟೆ.

ಅವನು ಫೋಟೊವನ್ನು ಬೆಳಕಿಗೆ ಹಿಡಿದು ನೋಡಿದ. "ಬೂಟಿಗೆ ಮಣ್ಣೇ ಆಗಿಲ್ವಲ್ಲ?"

ನಡುರಸ್ತೆಯಲ್ಲಿ ಅವನ ಮೇಲೆ ಕೂಗಾಡಿದೆ. ಆ ಗೈಡ್‌ಗೆ ಮಾತ್ರ ಕೈ ಕುಲುಕಿ, ಥ್ಯಾಂಕ್ಯೂ ಹೇಳಿ ಬಂದಿದ್ದೆ.