ಅಕ್ಕನನ್ನು ನಗಿಸಬಾರದು

ಮಾರ್ಚ್ 6, ಬೆಳಿಗ್ಗೆ

ಸ್ವಸ್ತಿ ಶ್ರೀ! ಹಗಲಿರುಳು ಗುರುಗುಟ್ಟುವ, ಕಂಡ ಕೊಳೆನೀರನ್ನೆಲ್ಲ ಹೀರಿ ಹೊಟ್ಟೆ ಹೊರೆಯುವ, ಅಕ್ಕನ ಮಂಚದ ಕಂಬಿಗೆ ಜೋತುಬಿದ್ದಿರುವ ಶ್ರೀಮನ್ಮಹಾ ಹೀರುಯಂತ್ರ ಚಕ್ರವರ್ತಿಗಳ ಪಾದಾರವಿಂದಗಳಿಗೆ — ಪಾದವಿಲ್ಲ, ಪ್ಲಗ್ ಇದೆ — ಪ್ಲಗ್ಗಾರವಿಂದಗಳಿಗೆ, ಗುಂಡಿ ಹೊಲಿದು ಬದುಕುವ ಈ ತಂಗಿಯ ಸಾಷ್ಟಾಂಗ. ಕರೆಂಟ್ ಹೋದರೂ ತಾವು ನಿಲ್ಲಬೇಡಿ. ದಮ್ಮಯ್ಯ.

ಮಾಮೂಲಿನಂತೆ ಫ್ಲಾಸ್ಕ್ ತುಂಬಿಸಿದೆ, ಅಮ್ಮನನ್ನು ಮನೆಗೆ ಅಟ್ಟಿದೆ, ಕೈ ತೊಳೆದು ಐಸಿಯು ಒಳಗೆ ಬಂದೆ. ಅಕ್ಕನ ಗಂಟಲಿನ ಟ್ಯೂಬ್ ನಿನ್ನೆ ತೆಗೆದರು. ಸೋಮವಾರ ಅಂಗಡಿಯಲ್ಲಿ ಹೊಲಿಗೆ ಮೆಷಿನ್ ಮೇಲೇ ಕುಸಿದಿದ್ದಳು. ಕರುಳು ತೂತಾಗಿ ಹೊಟ್ಟೆಯೆಲ್ಲ ಕೀವು. ಆಪರೇಷನ್ ಮಾಡಿದರು, ತೊಳೆದರು... ಹೊಟ್ಟೆ ಮುಚ್ಚಲಿಲ್ಲ. ಬೇಕೆಂದೇ.

"ಕರುಳು ಊದಿಕೊಂಡಿದೆ. ಒತ್ತಿ ಹೊಲಿದ್ರೆ ರಕ್ತ ಓಡಲ್ಲ," ಎಂದರು ಡಾಕ್ಟರಮ್ಮ. ಕರುಳಿನ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸ್ಪಂಜು, ಅದಕ್ಕೊಂದು ಅಂಟುಹಾಳೆ, ಅಲ್ಲಿಂದ ಚಕ್ರವರ್ತಿಗಳವರೆಗೆ ಕೊಳವೆ. ಕೊಳೆ ಹೀರುತ್ತ ಗಾಯದ ಎರಡು ಅಂಚನ್ನೂ ದೂರ ಸರಿಯದಂತೆ ಜಗ್ಗಿ ಹಿಡಿಯುತ್ತದಂತೆ. ಎರಡು ಮೂರು ದಿನಕ್ಕೊಮ್ಮೆ ತೊಳೆಯಲು ಮತ್ತೆ ಆಪರೇಷನ್ ಥಿಯೇಟರ್.

"ಸಣ್ಣ ಅಂಗಿಗೆ ದಪ್ಪ ಮೈ ತುರುಕೋಕಾಗುತ್ತಾ? ಬಿಟ್ಟಿದ್ದೇ ಸರಿ," ಅಕ್ಕನ ಗೊಗ್ಗರು ದನಿ. "ನಂಗೆ ಕತ್ತು ಎತ್ತೋಕಾಗಲ್ಲ. ನೀನೇ ನೋಡಿ ಹೇಳೇ, ಕಪಿ."

ನಾವು ಹೊದಿಕೆ ಎತ್ತಿ, ಅವಲೋಕಿಸಿ, ಅಪ್ಪಣೆ ಕೊಡಿಸಿದೆವು: "ಅಂಚುಗಳ ನಡುವೆ ಅಂಗೈ ಅಗಲ. ಸ್ಪಂಜು ಕಪ್ಪು. ರಾಜ್ಯ ಸುಭಿಕ್ಷ."

ಸಿಸ್ಟರ್ ಗದರಿದರು. "ಅವರನ್ನ ನಗಿಸ್ಬೇಡಮ್ಮ. ಹೊಟ್ಟೆ ಬಿಗಿಯುತ್ತೆ."

ನನಗೆ ಬರುವ ವಿದ್ಯೆ ಅದೊಂದೇ.

ಮಾರ್ಚ್ 7, ಮಧ್ಯಾಹ್ನ

ಅಕ್ಷರ ಕೋಳಿಕಾಲು.

ನಗಿಸಬಾರದೆಂದೇ ಗಂಭೀರವಾಗಿ ಕೂತೆ. ಕೈ ಕಟ್ಟಿ, ತುಟಿ ಬಿಗಿದು. ಅಷ್ಟೇ.

"ಯಾಕೇ ಹಾಗೆ ಕೂತಿದ್ದೀಯ, ಫೋಟೋ ತೆಗೆಸೋಕೆ ಬಂದ ತಾತನ ಥರ?"

"ನಾನೇನೂ ಮಾಡ್ತಿಲ್ಲ."

"ಅದೇ ಕಣೇ..." ಮೂಗಿನಲ್ಲಿ ಬುಸ್ಸೆಂದಳು. ತಡೆದಳು. ಮತ್ತೆ ಬುಸ್. ಹುಟ್ಟಿದಾಗಿನಿಂದ ನನ್ನ ಗಂಭೀರ ಮುಖದ ಹಿಂದೆ ಒಂದು ಕಿತಾಪತಿ ಇದ್ದೇ ಇರುತ್ತಿತ್ತು. ಅವಳಿಗೆ ಮುಖ ಕಂಡರೇ ಸಾಕು. ಇದು ನನಗೆ ಹೊಳೆಯಬೇಡವೇ!

ಯಂತ್ರ ಬಡಿದುಕೊಳ್ಳತೊಡಗಿತು. ಕೆಂಪು ದೀಪ. ಅಕ್ಕನ ಮುಖ ಸುಣ್ಣ. ಸಿಸ್ಟರ್ ಓಡಿಬಂದರು. "ಗಾಳಿ ಸೋರ್ತಿದೆ, ಸರಿ ಆಚೆ!" ಅಂಟುಹಾಳೆಯ ಸುತ್ತ ಬೆರಳಾಡಿಸುತ್ತ ಕಿವಿಗೊಟ್ಟರು. ಸೊಂಟದ ಹತ್ತಿರ 'ಸ್‌ಸ್‌ಸ್'. ಒಂದು ತುಂಡು ಹಾಳೆ ಹಚ್ಚಿ ಒತ್ತಿದರು. ಸ್ಪಂಜು ಮತ್ತೆ ಕುಗ್ಗಿತಂತೆ. ಗುರ್ ಶುರುವಾಯಿತು.

ನನ್ನ ಎದೆ ಮಾತ್ರ ಇನ್ನೂ ಬಡಿದುಕೊಳ್ಳುತ್ತಿದೆ.

ಮಾರ್ಚ್ 10

ಬರೆಯಲು ಆಗಿರಲಿಲ್ಲ. ಅವಳಿಗೆ ಜ್ವರ ಏರಿತು. ನಿನ್ನೆ ಥಿಯೇಟರಿಗೆ ಒಯ್ದರು. ಹೊರಬಂದ ಡಾಕ್ಟರಮ್ಮನ ದಾರಿಗೆ ಅಡ್ಡ ನಿಂತೆ.

"ನಾನು ನಗಿಸಿದ್ದಕ್ಕಾ?"

"ಬೆವರಿಗೆ ಅಂಟು ಬಿಟ್ಟಿತ್ತು. ಜ್ವರ ಬಂದದ್ದು ನಗುವಿಂದಲ್ಲ. ಒಂದು ಮೂಲೇಲಿ ಕೀವು ನಿಂತಿತ್ತು, ತೊಳೆದ್ವಿ."

"ಮುಚ್ಚುತ್ತಲ್ವಾ?" ಅಮ್ಮ ಕೇಳಿದಳು.

"ತುಂಬಾ ದಿನ ಹೀಗೇ ಬಿಡೋ ಹಾಗಿಲ್ಲಮ್ಮ. ಅಂಚು ಹಿಂದೆ ಸರಿದು ಅಲ್ಲೇ ಅಂಟಿಕೊಳ್ಳುತ್ತೆ. ಕರುಳು ಮತ್ತೆ ತೂತು ಬೀಳಬಹುದು. ನೋಡೋಣ."

ನೋಡೋಣ. ಇಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ಹಲ್ಲು!

"ಈಗ ಅಂತರ ಎಷ್ಟಿದೆಯೇ?" ಅಕ್ಕ.

"ಮೂರು ಬೆರಳು, ಮಹಾರಾಣಿ."

ಹೊದಿಕೆಯ ಮೇಲೆ ಮೂರು ಬೆರಳಿಟ್ಟು ಅಳೆದುಕೊಂಡಳು. "ಬಟ್ಟೆ ಆಗಿದ್ರೆ ಒಂದು ತುಂಡು ಕೊಟ್ಟು ಸೇರಿಸ್ತಿದ್ದೆ." ಇಬ್ಬರೂ ನಗಲಿಲ್ಲ.

ಮಾರ್ಚ್ 13, ಬೆಳಿಗ್ಗೆ

ಕರೆದೊಯ್ದರು. ಚಕ್ರವರ್ತಿಗಳೂ ಜೊತೆಗೆ ಹೋದರು. ಮಂಚವಿದ್ದ ಕಡೆ ಬರೀ ನೆಲ. ಇಷ್ಟು ದಿನ ಆ ಗುರ್ ಕೇಳಿ ತಲೆ ಚಿಟ್ಟು ಹಿಡಿದಿತ್ತು. ಈಗ ಕಿವಿ ಅದನ್ನೇ ಹುಡುಕುತ್ತಿದೆ. ಅಮ್ಮ ತನ್ನ ಕೈಯೆಂದುಕೊಂಡು ನನ್ನ ಕೈ ಹಿಸುಕುತ್ತಿದ್ದಾಳೆ. ಬಾಗಿಲು ತೆರೆದಾಗಲೆಲ್ಲ ಜೀವ ಬಾಯಿಗೆ. ನಮ್ಮವರಲ್ಲ. ಮತ್ತೆ... ನಮ್ಮವರಲ್ಲ.

ಹೇಳಿದ ಹೊತ್ತು ಮೀರಿತು.

ಮಾರ್ಚ್ 15, ಬೆಳಿಗ್ಗೆ

ಸೇರಿತು. "ಎರಡಂಚೂ ಎಳೆದಾಡದೆ ಸೇರಿದ್ವು. ಆದ್ರೂ ಸ್ವಲ್ಪ ದಿನ ಕಣ್ಣಿಟ್ಟಿರ್ಬೇಕು," ಅಂದಿದ್ದಾರೆ ಡಾಕ್ಟರಮ್ಮ. ಹೊಲಿಗೆ ಬಿಚ್ಚಿಕೊಂಡರೆ ಮತ್ತೆ ಮೊದಲಿಂದ.

ಅಕ್ಕ ಈಗ ತಾನೇ ಕೇಳಿದಳು, "ಹೊಲಿಗೆ ಹೇಗಿದೆಯೇ?"

ನಾವು ಹೊದಿಕೆ ಎತ್ತಿ ಅಪ್ಪಣೆ ಕೊಡಿಸಿದೆವು: "ನೂಲು ಹಿಡಿದಷ್ಟು ನೇರ. ತಮ್ಮ ಕೈಕೆಲಸವೂ ನಾಚಬೇಕು."

"ಮೇಲೆ ಇಷ್ಟು ದಪ್ಪ ಬ್ಯಾಂಡೇಜ್ ಇದೆಯಲ್ಲೇ, ಕೈಗೆ ಸಿಗ್ತಿದೆ. ನಿಂಗೆ ಹೇಗೆ ಕಾಣಿಸ್ತು?"

ಸಿಸ್ಟರ್ ಗೋಡೆ ಕಡೆ ತಿರುಗಿದರು. ಭುಜ ಕುಣಿಯುತ್ತಿತ್ತು.

ಬರೆದೇ ಬಿಡುತ್ತೇನೆ. ಅಂಗೈ ಅಗಲ, ಮೂರು ಬೆರಳು, ಕಪ್ಪು ಸ್ಪಂಜು — ಎಲ್ಲ ಸಿಸ್ಟರನ್ನು ಕೇಳಿ ಹೇಳಿದ್ದು. ಹೊದಿಕೆ ಎತ್ತಿದಾಗಲೆಲ್ಲ ಕಣ್ಣು ಗಟ್ಟಿಯಾಗಿ ಮುಚ್ಚಿದ್ದೆ. ಒಂದು ಸಲವೂ ನೋಡಿಲ್ಲ.

ಅಕ್ಕನಿಗೂ ಹೇಳಿದೆ. ಅವಳು ಬೈಯಲಿಲ್ಲ. "ಈಗ ಬ್ಯಾಂಡೇಜ್ ಬಿಚ್ತಾರಂತೆ. ನಂಗೂ ಭಯ ಕಣೇ. ಒಬ್ಬಳಾದ್ರೂ ಕಣ್ಣು ಬಿಟ್ಟಿರ್ಬೇಕಲ್ಲ," ಎಂದಳು.

ಟ್ರಾಲಿಯ ಸದ್ದು. ಬಂದರು. ಅಕ್ಕ ನನ್ನ ಬಲಗೈ ಹಿಡಿದುಕೊಂಡಿದ್ದಾಳೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಂಟು ಬಿಡಿಸುತ್ತಿದ್ದಾರೆ. ಈ ಸಲ ನಾನು ಕಣ್ಣು ಬಿಟ್ಟೇ...