ಅನುಮೋದಿಸಿದವರು

ಗುರುವಾರ, ಹನ್ನೆರಡನೇ ತಾರೀಕು
ನಕ್ಷೆ ವಿಭಾಗ, ಊಟದ ಬಿಡುವು

ನನ್ನ ಸಿಡುಕುಮೂತಿ ಸಾಹೇಬರಿಗೆ,

ನಾವು ಮಾತು ಬಿಟ್ಟು ಎರಡು ವರ್ಷವಾಯಿತು. ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಹುಬ್ಬು ಗಂಟಿಕ್ಕಿರುತ್ತೀರಿ, ಗೊತ್ತು. ಹರಿದು ಹಾಕಬೇಡಿ. ಮನೆಗೆ ಬನ್ನಿ ಎಂದು ಗೋಗರೆಯಲು ಬರೆಯುತ್ತಿಲ್ಲ. ಇದು ಮಗಳ ವಿಷಯ.

ಅವಳಿಗೆ ಕೆಲಸ ಸಿಕ್ಕಿದೆ. ಎಲ್ಲಿ ಎಂದು ನಿಮಗೆ ಹೇಳಿರಲಾರಳು, ನಿಮ್ಮ ಕೂಗಾಟಕ್ಕೆ ಹೆದರಿ. ನಮ್ಮದೇ ಅಣುಸ್ಥಾವರದ ಮೂರನೇ ಘಟಕದಲ್ಲಿ, ಪಂಪುಗಳ ಪಾಳಿ. ಘಟಕ ಸೋಮವಾರ ಶುರುವಾಗುತ್ತದೆ. ಕೊಟ್ಟಿರುವ ಹೊಸ ಬೂಟು ಕಚ್ಚುತ್ತದೆಂದು ಮನೆಯೊಳಗೇ ಹಾಕಿಕೊಂಡು ಓಡಾಡಿ ಅಭ್ಯಾಸ ಮಾಡುತ್ತಿದ್ದಾಳೆ.

ನಿಮ್ಮನ್ನು ಕೆಲಸದಿಂದ ತೆಗೆದ ಮೇಲೆ ನಿಮ್ಮ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಆ ದಿನವೇ ಅಲ್ಲವೇ ನೀವು ಪೆಟ್ಟಿಗೆ ಕಟ್ಟಿಕೊಂಡು ಹೊರಟದ್ದು. ನಕ್ಷೆ ಬರೆಯುತ್ತಿದ್ದವಳು 'ಅನುಮೋದಿಸಿದವರು' ಎಂಬ ಚೌಕದಲ್ಲಿ ಸಹಿ ಹಾಕತೊಡಗಿದೆ. ಎಂಜಿನಿಯರ್ ಲೈಸೆನ್ಸ್ ನನಗಿಲ್ಲ, ಆ ಪರೀಕ್ಷೆಗೆ ಕೂತವಳೂ ಅಲ್ಲ. ಹದಿನೆಂಟು ವರ್ಷ ಗೆರೆ ಎಳೆದವಳಿಗೆ ತಿಳಿಯದ್ದೇನಿದೆ ಎಂದು ಜಂಬ ಕೊಚ್ಚಿಕೊಂಡೆ. ಗೆರೆ ಎಳೆಯುವುದು ಬೇರೆ, ಹೊಣೆ ಹೊರುವುದು ಬೇರೆ ಎಂದಿರಿ. ನಿಮಗೆ ಹೊಟ್ಟೆಕಿಚ್ಚು ಎಂದೆ. ತಪ್ಪು ನನ್ನದು.

ನಮ್ಮ ಪದ್ಧತಿ ನೀವು ಮರೆತಿರಲಾರಿರಿ. ಹಳೆಯ ಘಟಕದ ನಕ್ಷೆಯನ್ನೇ ನಕಲು ಮಾಡಿ, ಬದಲಾದ ಕಡೆ ಸುತ್ತಲೂ ಮೋಡದಾಕಾರದ ಗೆರೆ ಎಳೆಯುತ್ತೇವೆ. ನೋಡುವವರು ಮೋಡದೊಳಗೆ ಮಾತ್ರ ನೋಡುತ್ತಾರೆ. ಹೊರಗಿನದನ್ನು ಹಿಂದೆ ಯಾರೋ ನೋಡಿದ್ದಾರಲ್ಲ, ಅದರ ಗೊಡವೆ ಬೇಡ. ನಾನೂ ಹಾಗೆಯೇ ನೋಡಿ ಸಹಿ ಗೀಚಿದೆ. ಕಳೆದ ವಾರ ಬೇರೇನೋ ಹುಡುಕುವಾಗ ಕಣ್ಣು ಮೋಡದ ಹೊರಗೆ ಹೋಯಿತು. ತುರ್ತಿಗೆ ತಣ್ಣೀರು ಒಯ್ಯುವ ಕೊಳವೆಯನ್ನು ಗೋಡೆಗೆ ಹಿಡಿದಿಡುವ ಬೋಲ್ಟುಗಳು ಹಳೆಯ ಘಟಕದ ದಪ್ಪ ಗೋಡೆಗೆ ಹೊಂದುವಷ್ಟು ಉದ್ದದವು. ಮೂರನೇ ಘಟಕದ ಗೋಡೆ ಅದರ ಅರ್ಧವೂ ಇಲ್ಲ. ಹೋಗಿ ನೋಡಿದೆ. ಬೋಲ್ಟು ಹಿಡಿಸದೆ ಕತ್ತರಿಸಿ ಕೂರಿಸಿದ್ದಾರೆ. ನೆಲ ಜೋರಾಗಿ ಅದುರಿದರೆ ಕಿತ್ತು ಬರುತ್ತವೆ, ನೀರು ಬೇಕಾದ ಹೊತ್ತಿಗೇ ನೀರಿರುವುದಿಲ್ಲ. ಮಗಳು ನಿಲ್ಲುವುದು ಆ ಕೊಳವೆಯ ಪಕ್ಕದಲ್ಲೇ.

ಮುಖ್ಯಸ್ಥರ ಬಳಿ ಓಡಿದೆ. ನಕ್ಷೆಯ ಸುರುಳಿ ಬಿಚ್ಚಲೂ ಬಿಡಲಿಲ್ಲ. ಉದ್ಘಾಟನೆಗೆ ಕುರ್ಚಿ ಶಾಮಿಯಾನ ಬಂದಾಗಿದೆ ಎಂದರು. ನಾನು ಜಗ್ಗದಿದ್ದಾಗ ದನಿ ತಗ್ಗಿಸಿದರು.

"ನೋಡಮ್ಮ, ಸಹಿ ನಿಂದೇ. ಈಗ ತಪ್ಪು ಅಂತ ಎದ್ರೆ ಮೊದಲು ಹೋಗೋದು ನಿನ್ನ ತಲೆ."

ಹೋದರೆ ಹೋಗಲಿ ಎಂದು ಸುರಕ್ಷತಾ ಮಂಡಳಿಗೆ ನೇರವಾಗಿ ಬರೆದೆ. ಮೂರೇ ದಿನದಲ್ಲಿ ಉತ್ತರ ಬಂತು, ಸರ್ಕಾರಿ ಕಚೇರಿಗೆ ಅದೇ ಒಂದು ದಾಖಲೆ. ಲೈಸೆನ್ಸ್ ಇಲ್ಲದವರ ತಾಂತ್ರಿಕ ಆಕ್ಷೇಪಣೆಯನ್ನು ಪರಿಗಣಿಸಲು ನಿಯಮದಲ್ಲಿ ಅವಕಾಶವಿಲ್ಲವಂತೆ. ಒಪ್ಪಿಗೆ ಕೊಡಲು ಸಾಕಾದವಳು ಬೇಡ ಎನ್ನಲು ಸಾಲದಾದೆ. ಓದಿ ನಗು ಬಂತು, ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ನಿನ್ನೆ ಸಂಜೆ ಮಗಳಿಗೆ ಎಲ್ಲ ಹೇಳಿ, ಕೆಲಸ ಬಿಡು ಎಂದು ಕೈ ಹಿಡಿದೆ. ವಯಸ್ಸಾಯಿತು, ಸುಮ್ಮನೆ ಗಾಬರಿಯಾಗುತ್ತೀಯ ಎಂದು ತಲೆ ಸವರಿದಳು.

"ನೀನೇ ನೋಡಿ ಸಹಿ ಹಾಕಿದ್ದು ಅಂದ್ಮೇಲೆ ನಂಗ್ಯಾಕಮ್ಮ ಭಯ?"

ರಾತ್ರಿ ಕೂತು ಅಳತೆಗಳನ್ನೆಲ್ಲ ಒಂದು ಹಾಳೆಗೆ ಇಳಿಸಿದೆ.

ನಿಮಗೆ ಲೈಸೆನ್ಸ್ ಇದೆ. ನಿಮ್ಮ ಆಕ್ಷೇಪಣೆಯನ್ನು ಅವರು ತೆರೆಯಲೇಬೇಕು. ಬೋಲ್ಟಿನ ಅಳತೆ, ಗೋಡೆಯ ಅಳತೆ ಎರಡನ್ನೂ ಇದರ ಜೊತೆ ಇಟ್ಟಿದ್ದೇನೆ. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ. ಲಕೋಟೆಯನ್ನು ಇವತ್ತೇ ಆಳಿನ ಕೈಯಲ್ಲಿ ಕಳಿಸುತ್ತಿದ್ದೇನೆ, ನಾಳೆಯೇ ಬರೆಯಿರಿ.

ಇನ್ನೂ ನಿಮ್ಮವಳೆನ್ನಲು ಬಾಯಿ ಬಾರದ,
ನಿಮ್ಮ ಮಗಳ ಅಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ, ಮುಚ್ಚಿಡಲಾಗಲಿಲ್ಲ. ಲೈಸೆನ್ಸ್ ಇಲ್ಲದವರು ಒಪ್ಪಿಗೆ ಕೊಡುತ್ತಿದ್ದಾರೆಂದು ಹೋದ ವರ್ಷ ನೀವು ಕೊಟ್ಟ ದೂರಿನ ಮೇಲೆ ಮಂಡಳಿ ಆಜ್ಞೆ ಮಾಡಿತು, ಪ್ರತಿ ನಕ್ಷೆಯಲ್ಲೂ ಲೈಸೆನ್ಸ್ ಸಂಖ್ಯೆ ಇರಬೇಕೆಂದು. ಇಲ್ಲಿ ಯಾರಿಗೂ ಇರಲಿಲ್ಲ. ನಿಮ್ಮದು ನನಗೆ ಬಾಯಿಪಾಠವಾಗಿತ್ತು. ಮುನ್ನೂರ ಹನ್ನೆರಡು ಹಾಳೆಗಳಲ್ಲೂ ಸಹಿ ನನ್ನದು, ಸಂಖ್ಯೆ ನಿಮ್ಮದು. ನೀವು ಆಕ್ಷೇಪಣೆ ಬರೆದರೆ, ಇದನ್ನು ಅನುಮೋದಿಸಿದವರೇ ನೀವಲ್ಲವೇ ಎಂದು ಕೇಳುತ್ತಾರೆ.